ನಡುಹೊಳೆಯ ನೀರು

ಸೆಪ್ಟೆಂಬರ್ 18, 2024

ಮೋಡ. ಮಳೆಯಿಲ್ಲ.

ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ಜನವರಿಯಿಂದ ನಾನು ಬರೆದಿರುವುದೆಲ್ಲ ಇಷ್ಟೇ. ಮೋಡ, ಬಿಸಿಲು, ವಿಶೇಷವಿಲ್ಲ. ಮೂವತ್ತನಾಲ್ಕು ವರ್ಷ ದಿನಾ ಬೆಳಗ್ಗೆ ಎಂಟಕ್ಕೆ ಕಾವೇರಿ ಹೊಳೆಯ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆದ ಕೈ ಇದು. ರಿಟೈರಾಗಿ ನಾಲ್ಕು ವರ್ಷವಾದರೂ ಎಂಟು ಗಂಟೆಯಾದರೆ ಸಾಕು, ಪೆನ್ನು ಹುಡುಕುತ್ತದೆ. ಬರೆಯಲು ಏನೂ ಇರುವುದಿಲ್ಲ, ಅದು ಬೇರೆ ಮಾತು.

ಇವತ್ತು ಇದೆ. ಹತ್ತು ಗಂಟೆಗೆ ಸ್ಕೂಟರಿನಲ್ಲಿ ಒಬ್ಬ ಹುಡುಗಿ ಬಂದಳು. ಬೆನ್ನಿಗೆ ದೊಡ್ಡ ಬ್ಯಾಗು. ಇನ್ಶೂರೆನ್ಸಿನವಳು ಅಂದುಕೊಂಡು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ.

"ಹೊಳೆ ಚಿಕ್ಕಸ್ವಾಮಿ ಅವರ ಮನೆ ಇದೇನಾ ಸಾರ್?"

ಆ ಹೆಸರು ಕೇಳಿ ಪೇಪರು ಕೆಳಗಿಳಿಸಿದೆ. ಸಾರ್ ಬೇರೆ ಅಂದಳು. ನಾಲ್ಕು ವರ್ಷದಿಂದ ನನ್ನನ್ನು ಯಾರೂ ಹಾಗೆ ಕರೆದಿಲ್ಲ.

ಹೆಸರು ಸಹನ. ನಾಗಮಂಗಲದ ಕಡೆ ದೇವಲಾಪುರದವಳು. ಸಮುದ್ರದ ತಳದ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳಂತೆ. ದೇವಲಾಪುರ ಅಂದರೆ ರಾಗಿ, ಹುರುಳಿಯ ಸೀಮೆ. ಅಲ್ಲಿ ನಾಲೆಯೇ ಇಲ್ಲ, ಇನ್ನು ಸಮುದ್ರ ಎಲ್ಲಿಂದ ಬರಬೇಕು! ಅದನ್ನೇ ಕೇಳಿದೆ.

"ನಮ್ಮೂರಲ್ಲಿ ಇಲ್ದೇ ಇರೋದನ್ನ ಓದಾಣ ಅಂತ ಸಾರ್" ಅಂದು ನಕ್ಕಳು.

ಅವಳ ಬ್ಯಾಗಿನಲ್ಲಿ ನನ್ನ ರಿಜಿಸ್ಟರುಗಳ ಜೆರಾಕ್ಸ್ ಇತ್ತು. 1986ರಿಂದ 2020ರವರೆಗೆ, ನನ್ನದೇ ಕೈಬರಹ, ನನ್ನದೇ ಸಹಿ. ಹೊಳೆಯ ಮಟ್ಟ ಒಂದು ಕಡೆ, ಒಂದು ಲೀಟರ್ ನೀರಿನಲ್ಲಿ ಎಷ್ಟು ಮಣ್ಣು ಅನ್ನುವುದು ಇನ್ನೊಂದು ಕಡೆ. ನಾನು ದಿನಾ ತೆಪ್ಪದಲ್ಲಿ ನಡುಹೊಳೆಗೆ ಹೋಗಿ ಬಾಟಲಿಯಲ್ಲಿ ನೀರು ತುಂಬಿ ಕಳಿಸುತ್ತಿದ್ದೆ, ನೀರಾವರಿ ಇಲಾಖೆಯವರು ಸೋಸಿ ತೂಗಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಅದನ್ನೆಲ್ಲ ಇಲಿ ತಿಂದಿರಬೇಕು ಅಂದುಕೊಂಡಿದ್ದೆ. ಈ ಹುಡುಗಿ ಬಟ್ಟೆ ಸುತ್ತಿ ಜೋಪಾನ ಮಾಡಿಕೊಂಡಿದ್ದಾಳೆ.

"ಇಡೀ ಕಾವೇರೀಲಿ ಇಂಥ ರಿಜಿಸ್ಟರ್ ಇನ್ನೊಂದಿಲ್ಲ ಸಾರ್. ಒಂದು ದಿನಾನೂ ಬಿಟ್ಟಿಲ್ಲ ನೀವು" ಅಂದಳು.

ಟಿವಿಯ ಮೇಲಿನ ಗೋಡೆ ತೋರಿಸಿದೆ. ರಿಟೈರಾದ ದಿನ ಕೊಟ್ಟ ಫಲಕ. 'ಮೂವತ್ತನಾಲ್ಕು ವರ್ಷ ಒಂದು ದಿನವೂ ತಪ್ಪದೆ' ಎಂದು ಚಿನ್ನದ ಬಣ್ಣದಲ್ಲಿ ಬರೆದಿದೆ. ಅದರ ಫೋಟೋ ಹೊಡೆದುಕೊಂಡಳು.

ಆಮೇಲೆ, ಬಾಟಲಿ ತುಂಬುತ್ತಿದ್ದ ಜಾಗ ತೋರಿಸಿ, ಹೊಳೆಯ ಹತ್ತಿರ ಹೋಗೋಣ ಅಂದಳು. ಮಂಡಿ ನೋವು, ಆಗೋದಿಲ್ಲ ಅಂದೆ. ಒಳಗಿನಿಂದ ಕಾಫಿ ತರುತ್ತಿದ್ದ ದೊಡ್ಡತಾಯಮ್ಮ ನನ್ನ ಮುಖವನ್ನು ಒಮ್ಮೆ, ಮಂಡಿಯನ್ನು ಒಮ್ಮೆ ನೋಡಿದಳು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಸುಮ್ಮನೆ ನೋಡಿದರೂ ಬೈದ ಹಾಗಿರುತ್ತದೆ.

ಸೆಪ್ಟೆಂಬರ್ 20

ಬಿಸಿಲು.

ಸಹನ ಮತ್ತೆ ಬಂದಳು. ಏನು ಓದುತ್ತಿದ್ದೀಯ ನೆಟ್ಟಗೆ ಹೇಳಮ್ಮ ಅಂದೆ. ಹೇಳಿದಳು. ಸಮುದ್ರ ಭೂಮಿಯ ಒಳಗೆ ಚಾಚಿಕೊಂಡ ಜಾಗ ಕೊಲ್ಲಿ. ಕಾವೇರಿ ಹೋಗಿ ಸೇರುವ ಕಡೆಯ ಒಂದು ಕೊಲ್ಲಿಯಲ್ಲಿ ಇವಳು ದೋಣಿಯಲ್ಲಿ ಹೋಗಿ, ತಳಕ್ಕೆ ಉದ್ದನೆಯ ಕೊಳವೆ ಚುಚ್ಚಿ, ಮಣ್ಣಿನ ಸಮೇತ ಮೇಲೆತ್ತಿದ್ದಾಳೆ. ಒಳಗೆ ಪದರ ಪದರವಾಗಿ ಮಣ್ಣು ಕೂತಿರುತ್ತದೆ, ವರ್ಷಕ್ಕೊಂದು ಪದರ. ನಡುವೆ ಇಷ್ಟೊಂದು ಕಟ್ಟೆಗಳಿವೆಯಲ್ಲ, ನಮ್ಮ ಮಣ್ಣು ಅಲ್ಲಿಗೆ ಹೋಗುತ್ತದೆಯೇ ಎಂದು ಕೇಳಿದೆ. ಮರಳೆಲ್ಲ ಕಟ್ಟೆಗಳಲ್ಲೇ ನಿಲ್ಲುತ್ತದೆ, ಹೊಳೆ ತುಂಬಿ ಗೇಟು ಎತ್ತಿದ ವರ್ಷ ತೀರಾ ನುಣ್ಣನೆಯದು ಮಾತ್ರ ನುಸುಳಿ ಹೋಗುತ್ತದೆ ಅಂದಳು. ಆ ನುಣ್ಣನೆಯದೇ ಅವಳಿಗೆ ಬೇಕಾಗಿರುವುದು.

"ಆ ಮಣ್ಣು ಬಿದ್ರೆ ಕೊಲ್ಲೀಲಿ ಕಣ್ಣಿಗೆ ಕಾಣದ ಪಾಚಿ ಬೆಳೀತದೆ ಸಾರ್. ಅದನ್ನ ತಿಂದು ಮೀನು. ಮಣ್ಣು ಅತಿಯಾದ್ರೆ ನೀರು ಕದಡಿ ಬಿಸಿಲು ಇಳಿಯಲ್ಲ, ಪಾಚಿ ಸಾಯ್ತದೆ. ಎಷ್ಟು ಮಣ್ಣು ಬಂದ್ರೆ ಕೊಲ್ಲಿಗೆ ಒಳ್ಳೇದು ಅನ್ನೋದೇ ನನ್ನ ಥೀಸಿಸ್ಸು."

ಅಯ್ಯೋ, ಇದಕ್ಕೆ ಪಿಎಚ್‌ಡಿ ಬೇಕೇ! ಬೇಸಿಗೆಯಲ್ಲಿ ಕೆರೆಯ ತಳದ ಗೋಡು ಎತ್ತಿ ಗದ್ದೆಗೆ ಹೊಡೆಯುವುದಿಲ್ಲವೇ ನಾವು? ಹದವಾಗಿ ಹೊಡೆದರೆ ಪೈರು ಕಪ್ಪಗೆ ಏಳುತ್ತದೆ, ಹೆಚ್ಚು ಹೊಡೆದರೆ ನೆಲ ಕಟ್ಟಿಕೊಳ್ಳುತ್ತದೆ. ಅದನ್ನೇ ಹೇಳಿದೆ. ಹುಡುಗಿ ನೋಟ್‌ಬುಕ್ ತೆಗೆದು ಬರೆದುಕೊಂಡಳು. ನನ್ನ ಮಾತನ್ನು ಬರೆದುಕೊಂಡವರು ಇವಳೇ ಮೊದಲು.

ಕೊಲ್ಲಿಯ ಮಣ್ಣು ಯಾವ ನೀರಿನಲ್ಲಿ ಬಂದದ್ದು ಎಂದು ತಾಳೆ ನೋಡಲು ಲೋಕಪಾವನಿಯದು, ಹೇಮಾವತಿಯದು, ಕಾವೇರಿಯದು, ಮೂರೂ ಮಣ್ಣು ಬೇಕಂತೆ. ಅಕ್ಟೋಬರ್ ಮೂವತ್ತೊಂದಕ್ಕೆ ಥೀಸಿಸ್ ಕೊಡಲೇಬೇಕು, ಅದೇ ಕೊನೆಯ ಗಡುವು. ಲೋಕಪಾವನಿಗೂ ಹೇಮಾವತಿಗೂ ನಾನು ಬರುತ್ತೇನೆ ಅಂದೆ. ಕಾವೇರಿಗೆ ನೀನೇ ಹೋಗಿ ಬಾ ಅಂದೆ.

ಸೆಪ್ಟೆಂಬರ್ 23

ಸ್ಕೂಟರಿನ ಹಿಂದೆ ಕೂತು ಪಾಂಡವಪುರ, ಅಲ್ಲಿಂದ ಲೋಕಪಾವನಿ. ಹುಡುಗಿ ಪ್ಯಾಂಟು ಮಡಿಸಿಕೊಂಡು ನೀರಿಗಿಳಿದು, ಸ್ಟೀಲ್ ಚಮಚದಲ್ಲಿ ಮಣ್ಣು ಕೆರೆದು ಚೀಲಕ್ಕೆ ತುಂಬಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಇದು ಯಾವ ಔಷಧಿಗೆ ಎಂದು ಕೇಳಿದಳು. ಸಮುದ್ರಕ್ಕೆ ಅಂದೆ. ಅವಳು ಒಗೆಯುವುದನ್ನು ನಿಲ್ಲಿಸಿ ನಮ್ಮನ್ನು ನೋಡಿಕೊಂಡೇ ನಿಂತಳು.

ವಾಪಸು ಬರುವಾಗ ಚೀಲಗಳೆಲ್ಲ ನನ್ನ ಮಡಿಲಲ್ಲಿ. ಗಂಡಸಾಗಿ ಹುಟ್ಟಿ ಈ ವಯಸ್ಸಿನಲ್ಲಿ ಮಡಿಲು ತುಂಬಿಸಿಕೊಂಡು ಬಂದೆ ಎಂದು ದೊಡ್ಡತಾಯಮ್ಮನಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಅವಳು ಹೀಗೆ ನಕ್ಕು ಎಷ್ಟು ದಿನವಾಗಿತ್ತೋ.

ಸೆಪ್ಟೆಂಬರ್ 26

ಕೆ.ಆರ್. ಪೇಟೆ ಕಡೆ ಹೋಗಿ ಹೇಮಾವತಿಯ ಮಣ್ಣು ತಂದೆವು. ಮಾಕವಳ್ಳಿ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಮುಕ್ಕಾಲು ಗಂಟೆ ನಿಂತೆವು. ಸಹನ ಒಂದು ಜಲ್ಲೆ ಕಬ್ಬು ಎಳೆದುಕೊಂಡಳು. ಸರಿಯಲ್ಲ ಕಣಮ್ಮ ಅಂದೆ. ಅರ್ಧ ಮುರಿದು ನನಗೇ ಕೊಟ್ಟಳು. ತಿಂದೆ.

ಈಗ ಸಾರ್ ಹೋಗಿ ದೊಡ್ಡಪ್ಪ ಆಗಿದ್ದೇನೆ. ಯಾವಾಗ ಆದೆನೋ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 28

ವಿಶೇಷವಿಲ್ಲ. ಸಹನ ಬರಲಿಲ್ಲ.

ಅಕ್ಟೋಬರ್ 1

ಮೋಡ.

ಸಹನ ಲ್ಯಾಪ್‌ಟಾಪಿನಲ್ಲಿ ಎರಡು ಗೆರೆ ತೋರಿಸಿದಳು. ನೀಲಿಯದು ನನ್ನ ರಿಜಿಸ್ಟರಿನ ಮಣ್ಣು, ಕೆಂಪುಗೆರೆ ಕೊಲ್ಲಿಯ ಪದರಗಳು. ಎರಡೂ ಜೋಡೆತ್ತಿನ ಹಾಗೆ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ಒಂದು ವರ್ಷ ಮಾತ್ರ ಕೆಂಪುಗೆರೆ ಗುಡ್ಡದಷ್ಟು ಎದ್ದಿದೆ, ನೀಲಿ ನೆಲ ಕಚ್ಚಿದೆ. 2007.

"ನಿಮ್ಮ ರಿಜಿಸ್ಟರಲ್ಲಿ ಆ ವರ್ಷ ಹೊಳೆ ಮಟ್ಟ ಭಾರಿ ಐತೆ, ಮಣ್ಣು ಮಾತ್ರ ತೀರಾ ಕಮ್ಮಿ. ಕೊಲ್ಲೀಲಿ ನೋಡಿದ್ರೆ ಎಲ್ಲಕ್ಕಿಂತ ದಪ್ಪ ಪದರ, ಅದರ ಮೇಲೆ ಎಲ್ಲಕ್ಕಿಂತ ಹುಲುಸಾದ ಪಾಚಿ. ಆ ವರ್ಷ ಏನಾಗಿತ್ತು ದೊಡ್ಡಪ್ಪ?"

ನಿನ್ನ ಸಮುದ್ರದಲ್ಲೇ ಏನೋ ತಪ್ಪಿರಬೇಕು ಅಂದೆ.

ಅಂದುಬಿಟ್ಟೆ.

"ಅದೇ ಕಣಿ. ನಿಮ್ಮ ರಿಜಿಸ್ಟರು ತಪ್ಪಾಗಕ್ಕೆ ಸಾಧ್ಯನೇ ಇಲ್ಲ. ನಾನೇ ಪದರ ಎಣಿಸೋದ್ರಲ್ಲಿ ಎಡವಿದೀನಿ. ಒಂದು ವರ್ಷ ತಪ್ಪಿದ್ರೆ ಅದರ ಕೆಳಗಿನ ವರ್ಷ ಎಲ್ಲಾನೂ ತಪ್ಪು. ಎರಡು ವರ್ಷದ ಕೆಲಸ" ಅಂದಳು. ಗೋಡೆಯ ಮೇಲಿನ ಫಲಕವನ್ನು ನೋಡಿಕೊಂಡೇ ಅಂದಳು.

ಅಕ್ಟೋಬರ್ 2

ಬಿಸಿಲು.

ಅಕ್ಟೋಬರ್ 5

ಟೀ ಅಂಗಡಿಯಲ್ಲಿ ಮಂಚಯ್ಯ ಸಿಕ್ಕಿದ. ಇಲಾಖೆಯ ತೆಪ್ಪ ಹಾಕುತ್ತಿದ್ದವನು. ಇಪ್ಪತ್ತೆಂಟು ವರ್ಷ ನನ್ನನ್ನು ನಡುಹೊಳೆಗೆ ಕರೆದುಕೊಂಡು ಹೋಗಿ ದಡಕ್ಕೆ ತಂದುಬಿಟ್ಟವನು. ಅವನನ್ನು ಬೇಲಿಯ ಮರೆಗೆ ಕರೆದುಕೊಂಡು ಹೋಗಿ ವಿಷಯ ಹೇಳಿದೆ.

"ನೀ ಯೋಳಿದ್ರೆ ನಾ ಊಂ ಅಂತೀನಿ ಸ್ವಾಮಣ್ಣ. ನೀ ಯೋಳ್ದಿದ್ರೆ ನಂಗೇನ್ ಗೊತ್ತು ಅಂತೀನಿ. ಅದಿನೇಳು ವರ್ಸದಿಂದ ಅಂಗೇ ತಾನೆ ನಾನಿರೋದು?"

"ಏನ್ ಮಾಡ್ಲಿ ಯೋಳ್ಲಾ."

"ನಾನ್ಯಾಕ್ ಯೋಳ್ಲಿ? ಟೀಗೆ ಕಾಸ್ ನೀನ್ ಕೊಡು, ಅಷ್ಟು ಸಾಕು" ಅಂದು ಹೊರಟುಹೋದ. ಮಹಾ ಕಿಲಾಡಿ.

ಈ ಡೈರಿಗೆ ಮೇಲಧಿಕಾರಿಯ ಸಹಿ ಬೇಕಾಗಿಲ್ಲ. ಯಾರೂ ಓದುವುದಿಲ್ಲ. ಇಲ್ಲಾದರೂ ನೆಟ್ಟಗೆ ಬರೆಯುತ್ತೇನೆ.

2007, ಜೂನ್ ಕೊನೆಯ ವಾರ. ಹೊಳೆ ಕೆಂಪಗೆ ಬಂದಿತ್ತು. ನಡುಹೊಳೆಯಲ್ಲಿ ಬಾಟಲಿಯ ಹಗ್ಗ ಇಳಿಸುತ್ತಿದ್ದೆ. ಎಲ್ಲಿಂದಲೋ ತೇಲಿ ಬಂದ ಮರದ ಬೊಡ್ಡೆ ತೆಪ್ಪಕ್ಕೆ ಬಡಿಯಿತು. ತೆಪ್ಪ ಮಗುಚಿತು. ಹೊಳೆಯ ದಡದಲ್ಲೇ ಹುಟ್ಟಿ ಬೆಳೆದ ನನಗೆ ಈಜು ಬರುತ್ತದೆ. ಆದರೆ ಆ ನೀರಿನ ಒಳಗೆ ಮೇಲೆ ಯಾವುದು, ಕೆಳಗೆ ಯಾವುದು ಎಂದೇ ತಿಳಿಯಲಿಲ್ಲ. ಕಣ್ಣು ಬಿಟ್ಟರೂ ಕೆಂಪು, ಮುಚ್ಚಿದರೂ ಕೆಂಪು. ಮಂಚಯ್ಯ ಅಂಗಿಯ ಕಾಲರು ಹಿಡಿದು ಎಳೆದುಕೊಂಡು ಬಂದ. ದಡದಲ್ಲಿ ಬಿದ್ದುಕೊಂಡು ಇಬ್ಬರೂ ಕೆಮ್ಮಿದೆವು. ಯಾರಿಗೂ ಹೇಳಬೇಡ ಅಂದೆ. ಅವನು ಹೇಳಲಿಲ್ಲ.

ಮಾರನೆಯ ದಿನ ಎಂಟು ಗಂಟೆಗೆ ಹೋದೆ. ಮಟ್ಟ ಅಳೆಯುವ ಗೇಜು ನೋಡಿದೆ, ಸರಿಯಾಗಿ ಬರೆದೆ. ತೆಪ್ಪಕ್ಕೆ ಕಾಲಿಡಲು ಹೋದೆ, ಕಾಲು ಏಳಲಿಲ್ಲ. ಗೇಜಿನ ಪಕ್ಕದ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಅಲ್ಲೇ ಬಾಟಲಿ ಅದ್ದಿದೆ. ರಿಜಿಸ್ಟರಿನಲ್ಲಿ 'ನಡುಹೊಳೆ' ಎಂದು ಬರೆದೆ. ಆ ದಿನ ಒಂದು ಸಲ ಅಂದುಕೊಂಡೆ. ಅಕ್ಟೋಬರ್ ಇಪ್ಪತ್ತರವರೆಗೆ ಹಾಗೆಯೇ ನಡೆಯಿತು. ದಡದಲ್ಲಿ ನೀರು ನಿಂತಿರುತ್ತದೆ, ಮಣ್ಣು ತಳಕ್ಕೆ ಕೂತಿರುತ್ತದೆ. ಬಾಟಲಿ ತಿಳಿಯಾಗಿಯೇ ಬರುತ್ತಿತ್ತು. ನೀರಿಳಿದ ಮೇಲೆ ಮತ್ತೆ ತೆಪ್ಪ ಹತ್ತಿದೆ. ರಿಟೈರಾಗುವವರೆಗೂ ದಿನಾ ಹೆದರಿಕೊಂಡೇ ಹತ್ತಿದೆ. ರಿಟೈರಾದ ಮೇಲೆ ಹೊಳೆಯ ಕಡೆ ತಲೆ ಹಾಕಿಲ್ಲ. ಹೊಳೆ ಚಿಕ್ಕಸ್ವಾಮಿ ಹೊಳೆಗೆ ಹೆದರುತ್ತಾನೆ ಎಂದರೆ ಊರಲ್ಲಿ ಯಾರು ನಂಬುತ್ತಾರೆ?

ನಾನು ಬರೆದದ್ದನ್ನು ಯಾರು ಪರೀಕ್ಷೆ ಮಾಡುತ್ತಾರೆ ಅಂದುಕೊಂಡಿದ್ದೆ. ಸಮುದ್ರದ ತಳದಲ್ಲಿ ಅದರ ನಕಲು ಇದೆ ಎಂದು ನನಗೇನು ಗೊತ್ತು!

ಅಕ್ಟೋಬರ್ 8

ಸಹನ ಬಂದಳು. ಕಣ್ಣು ಊದಿತ್ತು. ಅವಳ ಗೈಡು ಫೋನಿನಲ್ಲಿ, ನಿನ್ನ ಪದರದ ಎಣಿಕೆ ಬಿಟ್ಟುಬಿಡು, ಮೂವತ್ತನಾಲ್ಕು ವರ್ಷ ಒಂದು ದಿನವೂ ತಪ್ಪದ ರಿಜಿಸ್ಟರ್ ಹೇಳುವುದೇ ಸರಿ ಅಂದರಂತೆ. ಅರ್ಧ ಥೀಸಿಸ್ ಕಿತ್ತುಹಾಕಿ ಇಪ್ಪತ್ತು ದಿನದಲ್ಲಿ ಮತ್ತೆ ಬರೆಯಬೇಕು.

"ನಾನು ಐದು ಸಲ ಎಣಿಸ್ದೆ ದೊಡ್ಡಮ್ಮ. ಐದು ಸಲಾನೂ ಅದೇ ಬರ್ತದೆ. ತಪ್ಪೆಲ್ಲಿ ಅಂತ ಸಿಗ್ತಾನೇ ಇಲ್ಲ" ಎಂದು ದೊಡ್ಡತಾಯಮ್ಮನ ಮುಂದೆ ಅತ್ತಳು. ಇವಳು ಮುದ್ದೆ ಮುರಿದು ತಟ್ಟೆಗಿಟ್ಟು ತಲೆ ಸವರಿದಳು.

ನಾನು ಎದುರಿಗೇ ಇದ್ದೆ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ದೊಡ್ಡತಾಯಮ್ಮನ ಮೇಲೆ ರೇಗಿ ಅರ್ಧ ಊಟಕ್ಕೆ ಎದ್ದೆ. ಉಪ್ಪು ಸರಿಯಾಗಿಯೇ ಇತ್ತು. ಥೂ ನನ್ನ ಜನ್ಮಕ್ಕೆ.

ಅಕ್ಟೋಬರ್ 10

ಬೆಳಗ್ಗೆ ಹಿತ್ತಿಲಿನಲ್ಲಿ ದೊಡ್ಡತಾಯಮ್ಮ ಬಟ್ಟೆ ಒಗೆಯುತ್ತಿದ್ದಳು. ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಹೇಳಿದೆ. ಎಲ್ಲ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ, ಬಕೆಟ್ಟು ನೋಡಿಕೊಂಡು ಹೇಳಿದೆ.

ಅವಳು ಕೈ ನಿಲ್ಲಿಸಲೂ ಇಲ್ಲ.

"ಗೊತ್ತು ಕಣ್ರಿ."

"ಏನ್ ಗೊತ್ತು? ಆ ಮಂಚಯ್ಯ ಯೋಳಿದ್ನಾ?"

"ಅವನ್ಯಾಕೆ ಯೋಳ್ಬೇಕು? ತೆಪ್ಪ ಅತ್ತೋಕೆ ಮಂಡಿಮಟ ನೀರಿಗಿಳೀಬೇಕಲ್ವಾ. ದಿನಾ ನಿಮ್ ಪಂಚೆ ಒದ್ದೆಯಾಗಿ, ಕೆಂಪಗೆ ಬತ್ತಿತ್ತು. ಆ ಮಳೆಗಾಲ ಪೂರ್ತಿ ಒಣಗಿದ್ ಪಂಚೆ ಬತ್ತಿತ್ತು. ಒಗೆಯೋಳು ನಾನು, ನಂಗ್ ತಿಳಿಯಾಕಿಲ್ವಾ?"

"ಮತ್ಯಾಕೆ ಕೇಳ್ಲಿಲ್ಲ ನೀನು?"

"ಪಂಚೆ ಜೊತೆ ನೀವೂ ಬತ್ತಿದ್ರಲ್ಲ, ಇನ್ನೇನ್ ಕೇಳೋದು?" ಅಂದು ಬಟ್ಟೆ ಹಿಂಡಿದಳು. ಆಮೇಲೆ, "ಆ ಮಗು ಯಾಕ್ ಅಳ್ಬೇಕು, ನಿಮ್ ಪಂಚೆಗೆ? ನಾಳೆ ಆಯುಧಪೂಜೆಗೆ ಬತ್ತೀನಿ ಅಂದವ್ಳೆ. ಯೋಳ್ಬುಡಿ" ಅಂದಳು.

ಹದಿನೇಳು ವರ್ಷ ನಾನು ಬಚ್ಚಿಟ್ಟುಕೊಂಡದ್ದನ್ನು ಇವಳು ಹದಿನೇಳು ವರ್ಷದಿಂದ ಒಗೆದು ಒಣಗಿಸುತ್ತಿದ್ದಾಳೆ.

ಅಕ್ಟೋಬರ್ 11

ಆಯುಧಪೂಜೆ. ಸಹನಳ ಸ್ಕೂಟರಿಗೆ ಹೂವು ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅವಳ ಸ್ಟೀಲ್ ಚಮಚಕ್ಕೂ ದೊಡ್ಡತಾಯಮ್ಮ ಕುಂಕುಮ ಹಚ್ಚಿದಳು. ಕಾಫಿ ಬಂದ ಮೇಲೆ ಹೇಳಿದೆ.

"ನಿನ್ ಸಮುದ್ರ ಸರಿಯಾಗೈತೆ ಕಣವ್ವ. ತಪ್ಪು ನಂದು."

ಮರದ ಬೊಡ್ಡೆಯಿಂದ ಹಿಡಿದು ಮೆಟ್ಟಿಲವರೆಗೆ ಎಲ್ಲ ಹೇಳಿದೆ. ಹುಡುಗಿ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನೋಟ್‌ಬುಕ್ ತೆಗೆದು, "ಯಾವ ತಾರೀಖಿಂದ ಯಾವ ತಾರೀಖುಗಂಟ?" ಎಂದು ಕೇಳಿದಳು. ಹೇಳಿದೆ. "ದಡದಿಂದ ಎಷ್ಟು ದೂರ?" ಒಂದು ಮಾರು ಅಂದೆ. "ಗೇಜು ರೀಡಿಂಗು?" ಅದು ನಿಜ, ಒಂದು ದಿನವೂ ಸುಳ್ಳು ಬರೆದಿಲ್ಲ ಅಂದೆ.

ಬರೆದುಕೊಂಡು ಮುಗಿದ ಮೇಲೆ ನನ್ನನ್ನು ನೋಡಿದಳು. "ನಾನು ಮೊನ್ನೆ ಇಲ್ಲೇ ಕೂತ್ಕೊಂಡು ಅತ್ನಲ್ಲ ದೊಡ್ಡಪ್ಪ. ಆಗ ನೀವು ಎದುರಿಗೇ ಇದ್ರಲ್ಲ."

ಇದ್ದೆ ಅಂದೆ.

ಕಾಫಿ ಮುಟ್ಟದೆ ಹೊರಟುಹೋದಳು. ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಗಿ ಬಾಗಿಲಲ್ಲೇ ಬಿದ್ದಿತ್ತು. ದೊಡ್ಡತಾಯಮ್ಮ ಗುಡಿಸಿದಳು. ನನಗೆ ಭಾರಿ ಸಂಕಟವಾಗಿದೆ. ಆದರೂ ಸಾಯಂಕಾಲ ಹಸಿವಾಗಿ ಎರಡು ಮುದ್ದೆ ತಿಂದೆ.

ಅಕ್ಟೋಬರ್ 13

ಮಳೆ.

ಅಕ್ಟೋಬರ್ 15

ಮಳೆ. ಫಲಕ ಕೆಳಗಿಳಿಸಿದೆ. ಅದರ ಹಿಂದೆ ಗೋಡೆ ಬೇರೆ ಬಣ್ಣವಿದೆ. ದೊಡ್ಡತಾಯಮ್ಮ ನೋಡಿ, ಫಲಕವನ್ನು ಒಳಗೆ ಎತ್ತಿಟ್ಟಳು.

ಅಕ್ಟೋಬರ್ 17

ಸ್ಕೂಟರಿನ ಸದ್ದು ಕೇಳಿ ಜಗುಲಿಗೆ ಓಡಿದೆ. ಮಂಡಿ ನೋವಿನ ವಿಷಯ ಆಮೇಲೆ ನೆನಪಾಯಿತು.

ಸಹನ ಒಳಗೆ ಬಂದವಳೇ, "ದೊಡ್ಡಮ್ಮ, ಅವತ್ತಿನ ಕಾಫಿ ಬಾಕಿ ಐತೆ ಕೊಡಿ" ಅಂದಳು. ದೊಡ್ಡತಾಯಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಕೋಪ ಇನ್ನೂ ಪೂರ್ತಿ ಹೋಗಿಲ್ಲ ಎಂದು ನನಗೆ ಹೇಳಿಯೇ ಕೆಲಸದ ಮಾತಿಗೆ ಬಂದಳು. ನಾನು ಹೇಳಿದ್ದನ್ನು ಗೈಡಿಗೆ ಹೇಳಿದ್ದಾಳೆ. ಮಾತಿನಲ್ಲಿ ಹೇಳಿದರೆ ಸಾಲದು, ಅಳೆದು ತೋರಿಸು ಅಂದಿದ್ದಾರೆ. ಆದ್ದರಿಂದ ಈಗ ಅದೇ ಮೆಟ್ಟಿಲಿನಲ್ಲಿ ಒಂದು ಬಾಟಲಿ, ಅದೇ ಹೊತ್ತಿಗೆ ನಡುಹೊಳೆಯಲ್ಲಿ ಒಂದು ಬಾಟಲಿ. ಎರಡರ ಮಣ್ಣನ್ನೂ ತೂಗಿದರೆ ದಡದ ನೀರು ಎಷ್ಟು ಸುಳ್ಳು ಹೇಳುತ್ತದೆ ಎಂದು ಗೊತ್ತಾಗುತ್ತದೆ. ಅದೇ ಪ್ರಮಾಣದಲ್ಲಿ 2007ರ ಲೆಕ್ಕ ತಿದ್ದಬಹುದು. ಈ ಮಳೆಗೆ ಹೊಳೆ ಕೆಂಪಾಗಿದೆ, ಇದೇ ಸರಿಯಾದ ಸಮಯ.

"ಮೆಟ್ಟಿಲು ಯಾವ್ದು, ನಡುಹೊಳೆ ಯಾವ ಜಾಗ ಅಂತ ನಿಮಗೇ ಸರಿಯಾಗಿ ಗೊತ್ತು. ಬರ್ತೀರಾ?"

ನಾನು ಮಂಡಿ ಸವರಿಕೊಂಡೆ.

"ಇನ್ನೊಂದು ಮಾತು ದೊಡ್ಡಪ್ಪ. ಥೀಸಿಸ್ಸಲ್ಲಿ ಇದನ್ನ ಬರೀಲೇಬೇಕು. ನಿಮ್ಮ ಹೆಸರು ಹಾಕ್ದೆ, ಸಿಬ್ಬಂದಿ ಅಂತ ಬರೀಲಾ?"

ಯೋಚನೆ ಮಾಡಿದೆ. ಯಾರೋ ಒಬ್ಬ ಸಿಬ್ಬಂದಿ ಎಂದರೆ ಬೇರೆ ಯಾರ ಮೇಲಾದರೂ ಬಂದೀತು.

"ನನ್ ಎಸ್ರೇ ಹಾಕವ್ವ. ಉಳಿದ ಮೂವತ್ಮೂರು ವರ್ಸಕ್ಕೂ ನಂದೇ ಎಸ್ರು ತಾನೆ?"

ಬರುತ್ತೇನೆ ಎಂದು ನಾನು ಹೇಳಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ನಾಳಿದ್ದು ಎಂಟು ಗಂಟೆಗೆ ಎಂದು ಅವಳೇ ಹೇಳಿಕೊಂಡು ಹೋದಳು.

ಅಕ್ಟೋಬರ್ 19

ನಾಲ್ಕು ವರ್ಷದ ಮೇಲೆ ಹೊಳೆ ನೋಡಿದೆ. ಗೇಜಿನ ಕಂಬಕ್ಕೆ ಹೊಸ ಬಣ್ಣ ಬಳಿದಿದ್ದಾರೆ. ಕೆಳಗಿನಿಂದ ಮೂರನೆಯ ಮೆಟ್ಟಿಲು ಮೊದಲಿನ ಹಾಗೇ ಒಡೆದಿದೆ. ಅಲ್ಲಿ ಕೂತು ಬಾಟಲಿ ಅದ್ದಿಕೊಟ್ಟೆ. ತೆಪ್ಪದಲ್ಲಿ ಸಹನ, ಮಂಚಯ್ಯ ಇಬ್ಬರೇ ಹೋದರು. ಹುಡುಗಿ ಕೇಸರಿ ಬಣ್ಣದ ಜಾಕೆಟ್ಟು ಹಾಕಿಕೊಂಡಿದ್ದಳು, ನೀರಿಗೆ ಬಿದ್ದರೂ ತೇಲಿಸುತ್ತದಂತೆ. ನಡುಹೊಳೆಯ ಜಾಗ ಆಚೆ ದಡದ ಹುಣಸೆಮರದ ನೇರಕ್ಕೆ ಎಂದು ದಡದಿಂದಲೇ ಕೂಗಿ ಹೇಳಿದೆ. ಕೂಗಿ ಗಂಟಲು ಕಟ್ಟಿತು.

"ಅದೇನ್ಲಾ ಸ್ವಾಮಣ್ಣ, ಎಮ್ಮೆ ಓಡ್ಸೋನಂಗೆ ದಡದಾಗ್ ನಿಂತು ಬಡ್ಕೋತೀಯಾ!" ಎಂದು ಮಂಚಯ್ಯ ಅಲ್ಲಿಂದಲೇ ಕೂಗಿದ. ಮುದುಕನಾದರೂ ಗಂಟಲು ಹಾಗೇ ಇದೆ ಬಡ್ಡಿಮಗಂದು.

ಅವರು ನಾನು ಹೇಳಿದ ಜಾಗಕ್ಕೆ ಹೋಗಿರಲಿಲ್ಲ. ಮಂಚಯ್ಯನಿಗೆ ಈಗ ಕಣ್ಣು ಮಂಜು, ಹತ್ತು ಮಾರು ಈಚೆಗೇ ಬಾಟಲಿ ಇಳಿಸಿದರು. ನನ್ನ ಕಣ್ಣಿಗೆ ಕಾಣುತ್ತಲೇ ಇತ್ತು. ಹಾಗೆ ತೆಗೆದರೆ ಏನು ಉಪಯೋಗ?

ಅಕ್ಟೋಬರ್ 20

ಅದೇ ಜಾಗಕ್ಕೆ ಬಾಟಲಿ ಬೀಳದಿದ್ದರೆ ಲೆಕ್ಕ ಮತ್ತೆ ತಪ್ಪುತ್ತದೆ. ಎರಡನೆಯ ಸಲ ತಪ್ಪು ಲೆಕ್ಕ ಕೊಡುವುದು ನನ್ನಿಂದಾಗದು. ಸಹನಳ ಹತ್ತಿರ ಇನ್ನೊಂದು ಕೇಸರಿ ಜಾಕೆಟ್ಟು ಇತ್ತು. ಇಸಿದುಕೊಂಡು ಹಾಕಿಕೊಂಡೆ. ಪಂಚೆಯ ಮೇಲೆ ಅದು ಹೇಗೆ ಕಾಣುತ್ತಿತ್ತೋ, ಮಂಚಯ್ಯ ನಕ್ಕೂ ನಕ್ಕೂ ಹುಟ್ಟು ಕೈಬಿಟ್ಟ.

"ಏನ್ ನಗ್ತೀಯಾ, ತೆಪ್ಪ ಇಡ್ಕಳ್ಲಾ" ಅಂದೆ.

ಹತ್ತಿದೆ. ಹೆದರಿಕೆಯಾಯಿತು. ಅಂಚು ಹಿಡಿದುಕೊಂಡ ಕೈ ಬೆಳ್ಳಗಾಗಿತ್ತು. ಸಹನ ನೋಡಿ, ತನಗೂ ಮೊದಲ ಸಲ ಕೊಲ್ಲಿಯಲ್ಲಿ ದೋಣಿ ಹತ್ತಿದಾಗ ವಾಂತಿಯಾಗಿತ್ತು, ಈಜು ಇನ್ನೂ ಬರುವುದಿಲ್ಲ ಅಂದಳು. ಅಲ್ಲ, ಈಜು ಬಾರದ ಹುಡುಗಿ ಸಮುದ್ರದಲ್ಲಿ ಮೂರು ವರ್ಷ ಓಡಾಡಿದ್ದಾಳೆ! ಬೈದೆ. ಬೈಯುತ್ತ ಬೈಯುತ್ತ ಹುಣಸೆಮರದ ನೇರ ಬಂದಿತ್ತು. ಹಗ್ಗ ಇಳಿಸಿದೆ. ಬಾಟಲಿ ತುಂಬಿದಾಗ ಹಗ್ಗ ಕೈಯಲ್ಲಿ ಒಂದು ಸಲ ಜಗ್ಗುತ್ತದೆ. ಅದು ಮರೆತೇ ಹೋಗಿತ್ತು.

ಅಕ್ಟೋಬರ್ 26

ಏಳು ದಿನದ ಬಾಟಲಿಗಳನ್ನು ಮಂಡ್ಯದ ಕಾಲೇಜಿನಲ್ಲಿ ಸೋಸಿ ತೂಗಿಸಿಕೊಂಡು ಬಂದಳು. ಮೊದಲನೆಯ ದಿನದ್ದು ಜಾಗ ತಪ್ಪಿತ್ತೆಂದು ಅವಳೇ ಬಿಟ್ಟಳು. ಉಳಿದ ಆರೂ ದಿನ ದಡದ ಬಾಟಲಿಯಲ್ಲಿ ಒಂದು ಪಾಲು ಮಣ್ಣಿದ್ದರೆ ನಡುಹೊಳೆಯದರಲ್ಲಿ ಹತ್ತಿರ ಹತ್ತಿರ ಮೂರು ಪಾಲು. 2007ರ ಲೆಕ್ಕವನ್ನು ಅದೇ ಪ್ರಕಾರ ತಿದ್ದಿ ಲ್ಯಾಪ್‌ಟಾಪಿನಲ್ಲಿ ಒತ್ತಿದಳು. ನೆಲ ಕಚ್ಚಿದ್ದ ನೀಲಿ ಗೆರೆ ಎದ್ದು ಕೆಂಪಿನ ಪಕ್ಕಕ್ಕೆ ಬಂದು ನಿಂತಿತು.

ಸಹನ ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಇಣುಕಿದರು. ದೊಡ್ಡತಾಯಮ್ಮನನ್ನು ಹಿಡಿದುಕೊಂಡು ಎರಡು ಸುತ್ತು ತಿರುಗಿಸಿದಳು. ಗೈಡಿಗೆ ಫೋನು ಮಾಡಿದಳು. ಪದರದ ಎಣಿಕೆ ಇದ್ದ ಹಾಗೇ ಇರಲಿ ಅಂದರಂತೆ. ಅಷ್ಟು ಮಣ್ಣು ಬಿದ್ದ ವರ್ಷವೇ ಕೊಲ್ಲಿಯಲ್ಲಿ ಪಾಚಿ ಹುಲುಸಾಗಿ ಬಂದಿದೆ. ಹದ ಇನ್ನೂ ಮೀರಿರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿಯಂತೆ.

ನನಗೆ ಅಳು ಬಂತು. ಮಳೆಯಲ್ಲಿ ನೆನೆದು ನೆಗಡಿ ಎಂದು ಬರೆಯೋಣ ಅಂದುಕೊಂಡೆ. ಅಳು ಬಂತು ಎಂದೇ ಬರೆದಿದ್ದೇನೆ.

ಅಕ್ಟೋಬರ್ 31

ಸಹನ ಫೋನು ಮಾಡಿದಳು. ಥೀಸಿಸ್ ಕೊಟ್ಟಾಯಿತು. ನನ್ನ ಹೆಸರು ಎರಡು ಕಡೆ ಬಂದಿದೆಯಂತೆ. ಒಂದು ಕಡೆ ತಪ್ಪಿನ ಪಕ್ಕ. ಇನ್ನೊಂದು ಕಡೆ, ಮೊದಲ ಪುಟದಲ್ಲಿ, ಅವಳ ಅಪ್ಪ ಅಮ್ಮನ ಕೆಳಗೆ.

ದೊಡ್ಡತಾಯಮ್ಮ ಫಲಕವನ್ನು ಒರೆಸಿ ತಂದು, "ಬರೀ ಮೊಳೆ ಕಾಣ್ತದೆ, ನೋಡಾಕಾಗಕಿಲ್ಲ" ಎಂದು ಮತ್ತೆ ನೇತು ಹಾಕಿದಳು. ಇರಲಿ ಅಂದೆ. ಹೋಗದ ದಿನವಿಲ್ಲ ಎಂದಷ್ಟೇ ತಾನೆ ಅದರಲ್ಲಿರುವುದು. ಹೋಗಿದ್ದೇನೆ.

ನವೆಂಬರ್ 4

ಬೆಳಗ್ಗೆ 8 ಗಂಟೆ. ಬಿಸಿಲು. ಹೊಳೆಯ ಮಟ್ಟ ಎರಡು ಮೀಟರ್ ಹದಿನಾಲ್ಕು. ನೀರು ತಿಳಿಯಾಗುತ್ತಿದೆ. ಬಾಟಲಿ ಒಂದು, ಹುಣಸೆಮರದ ನೇರಕ್ಕೆ, ಮಂಚಯ್ಯನ ತೆಪ್ಪದಲ್ಲಿ. ಸಹನಳಿಗೆ ಇನ್ನು ಬೇಕಾಗಿಲ್ಲ. ಆದರೂ ತುಂಬಿಕೊಂಡು ಬಂದು ಕಿಟಕಿಯ ಮೇಲೆ ಇಟ್ಟಿದ್ದೇನೆ, ಮಣ್ಣು ಕೂರಲಿ.

ದೊಡ್ಡತಾಯಮ್ಮ ಹಿತ್ತಿಲಿನಲ್ಲಿ ಬೈಯುತ್ತಿದ್ದಾಳೆ. ಪಂಚೆ ಪೂರ್ತಿ ಒದ್ದೆ.